ತೋಟದಲ್ಲಿ ಹಾವಿನ ಮೊಟ್ಟೆ ಸಿಕ್ಕಾಗ: ಗೊಬ್ಬರಗುಂಡಿಯಿಂದ ಮರಿ ಹೊರಡುವವರೆಗೆ

ಮಲೆನಾಡಿನಲ್ಲಿ ಹಾವಿನ ಮೊಟ್ಟೆ ಕಣ್ಣಿಗೆ ಬೀಳುವುದು ಬಹುತೇಕ ಕೆಲಸದ ನಡುವೆ. ಮಳೆ ಹಿಡಿಯುವ ಮೊದಲು ಗೊಬ್ಬರಗುಂಡಿ ಖಾಲಿ ಮಾಡುವಾಗ, ಅಡಿಕೆ ಸಿಪ್ಪೆಯ ಹಳೆಯ ರಾಶಿಯನ್ನು ಸರಿಸುವಾಗ, ಸೊಪ್ಪಿನ ಬೆಟ್ಟದಲ್ಲಿ ದರಕು, ಎಂದರೆ ಉದುರಿದ ಒಣ ಎಲೆ, ಗುಡಿಸುವಾಗ, ಜರಿದ ಧರೆಯ ಮಣ್ಣನ್ನು ಎತ್ತುವಾಗ ಗುದ್ದಲಿಯ ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಬಿಳಿಯ ಮೊಟ್ಟೆಗಳ ಗೊಂಚಲು ಮೇಲೆ ಬರುತ್ತದೆ. ಆಮೇಲೆ ನಡೆಯುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು. ಹೆದರಿದವರು ಅದನ್ನು ಅಲ್ಲೇ ಜಜ್ಜಿಹಾಕುತ್ತಾರೆ. ಕುತೂಹಲವುಳ್ಳವರು ಬಕೆಟ್ಟಿಗೆ ಸುರಿದುಕೊಂಡು ಮನೆಗೆ ತರುತ್ತಾರೆ. ಮೊಟ್ಟೆಯೊಳಗಿನ ಜೀವದ ಪಾಲಿಗೆ ಎರಡರ ಪರಿಣಾಮದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಇತ್ತೀಚೆಗೆ ಮೂರನೆಯ ಬಗೆಯವರೂ ಕಾಣಿಸಿಕೊಂಡಿದ್ದಾರೆ. ಅಮೆರಿಕದಲ್ಲಿ ಕಿಂಗ್‌ಸ್ನೇಕ್ ಎಂಬ ವಿಷವಿಲ್ಲದ ಹಾವನ್ನು ಮನೆಯಲ್ಲೇ ಸಾಕಿ, ಚಳಿಗಾಲದಲ್ಲಿ ಎರಡು ಮೂರು ತಿಂಗಳು 10ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಮಲಗಿಸಿ, ವಸಂತದಲ್ಲಿ ಜೋಡಿ ಮಾಡಿ, ಮೊಟ್ಟೆಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಸುಮಾರು 60 ದಿನಗಳಲ್ಲಿ ಮರಿ ಮಾಡಿಸುವ ವಿಡಿಯೊಗಳನ್ನು ನೋಡಿ, ನಮ್ಮ ಕೇರೆ ಹಾವಿನ ಮೊಟ್ಟೆಗೂ ಹಾಗೆಯೇ ಮಾಡಬಹುದಲ್ಲ ಎಂದು ಕೇಳುವವರು ಇವರು. ಮೊಟ್ಟೆಗೆ ಕಾವು ಕೊಡುವ ವಿಧಾನದ ಮಟ್ಟಿಗೆ ಆ ಸಾಕಣೆಗಾರರ ಅನುಭವ ನಿಜಕ್ಕೂ ಉಪಯುಕ್ತ, ಮತ್ತು ಮುಂದೆ ಹೇಳುವ ಪೆಟ್ಟಿಗೆಯ ಕ್ರಮ ಬಹುಪಾಲು ಅಲ್ಲಿಂದಲೇ ಬಂದದ್ದು. ಆದರೆ ಅವರದು ಸಾಕಿದ ಹಾವು, ನಮ್ಮದು ಕಾಡಿನ ಹಾವು. ಆದ್ದರಿಂದ ಇಲ್ಲಿ ಪೆಟ್ಟಿಗೆಯು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ.

ಮೊದಲು ಕಾನೂನಿನ ಮಾತು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರಾಣಿ ಎಂದರೆ ಅದರ ಮರಿ ಮತ್ತು ಮೊಟ್ಟೆಯೂ ಸೇರುತ್ತದೆ. ಅಷ್ಟೇ ಅಲ್ಲ, ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕೆದಕುವುದನ್ನೂ ಆ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. 2022ರ ತಿದ್ದುಪಡಿಯ ನಂತರ ಕಾಳಿಂಗ, ನಾಗರ ಮತ್ತು ಕೇರೆ ಮೂರೂ ಅತಿ ಹೆಚ್ಚಿನ ರಕ್ಷಣೆಯುಳ್ಳ ಮೊದಲ ಅನುಸೂಚಿಯಲ್ಲಿವೆ. ಆದ್ದರಿಂದ ಅರಣ್ಯ ಇಲಾಖೆಗೆ ತಿಳಿಸದೆ ಮೊಟ್ಟೆಗಳನ್ನು ಮನೆಯಲ್ಲಿಟ್ಟುಕೊಂಡು ಮರಿ ಮಾಡಿಸುವುದು, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಅಪರಾಧವೇ ಆಗುತ್ತದೆ. ಗೊತ್ತಿಲ್ಲದೆ ಗುದ್ದಲಿ ತಾಗಿದ್ದಕ್ಕೆ ಯಾರೂ ಹೆದರಬೇಕಿಲ್ಲ. ಗೊತ್ತಾದ ಮೇಲೆ ಏನು ಮಾಡಿದಿರಿ ಎಂಬುದು ಮುಖ್ಯ.

ತಿಳಿಸುವುದು ಕಷ್ಟವಲ್ಲ. ನಿಮ್ಮ ಊರಿನ ಗಸ್ತು ಅರಣ್ಯ ಪಾಲಕರಿಗೆ ಅಥವಾ ಉಪ ವಲಯ ಅರಣ್ಯಾಧಿಕಾರಿಗಳಿಗೆ ಫೋನ್ ಮಾಡಿದರೆ ಸಾಕು. ಅವರ ಸಂಖ್ಯೆ ಕೈಯಲ್ಲಿಲ್ಲದಿದ್ದರೆ ಇಲಾಖೆಯ ಸಹಾಯವಾಣಿ 1926 ಇದೆ. ಕರೆ ಮಾಡುವಾಗ ಸ್ಥಳ, ಮೊಟ್ಟೆಗಳ ಅಂದಾಜು ಸಂಖ್ಯೆ, ಸಮೀಪದಲ್ಲಿ ತಾಯಿ ಹಾವು ಕಂಡಿದೆಯೇ ಎಂಬುದು, ಕೆಲಸ ನಿಲ್ಲಿಸಲು ಸಾಧ್ಯವೇ ಎಂಬುದು, ಇವಿಷ್ಟನ್ನು ಹೇಳಿ. ದೂರದಿಂದ ತೆಗೆದ ಒಂದು ಫೋಟೊ ಕಳಿಸಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಅದು ಹಾವಿನ ಮೊಟ್ಟೆಯೇ?

ಹಾವಿನ ಮೊಟ್ಟೆಗೆ ಕೋಳಿ ಮೊಟ್ಟೆಯ ಗಡುಸು ಚಿಪ್ಪಿಲ್ಲ. ಅದರ ಹೊದಿಕೆ ಹದಮಾಡಿದ ತೆಳು ಚರ್ಮದಂತೆ ಬಾಗುತ್ತದೆ, ಬಣ್ಣ ಮಾಸಲು ಬಿಳಿ, ಆಕಾರ ಉದ್ದುದ್ದ. ಇಟ್ಟ ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಅವು ಹೆಚ್ಚಾಗಿ ಗೊಂಚಲಾಗಿಯೇ ಸಿಗುತ್ತವೆ. ಮನೆಯ ಗೋಡೆಯ ಸಂದಿಯಲ್ಲೋ ಕಪಾಟಿನ ಹಿಂದೆಯೋ ಕಾಣುವ, ಗುಂಡಗಿನ, ಒತ್ತಿದರೆ ಪಟ್ಟನೆ ಒಡೆಯುವ ಪುಟ್ಟ ಮೊಟ್ಟೆಗಳು ಹಲ್ಲಿಯವು. ಮಳೆಗಾಲದಲ್ಲಿ ತೋಟದ ಮಣ್ಣಿನಲ್ಲಿ ರಾಶಿಯಾಗಿ ಸಿಗುವ, ಕಾಳಿನ ಗಾತ್ರದ ಹಳದಿ ಗುಂಡುಗಳು ಆಫ್ರಿಕನ್ ದೈತ್ಯ ಬಸವನಹುಳದ ಮೊಟ್ಟೆಗಳಾಗಿರಬಹುದು. ಅವುಗಳನ್ನು ಉಳಿಸುವ ಅಗತ್ಯ ಖಂಡಿತ ಇಲ್ಲ. ಕೊಳೆತ ಎಲೆಯ ನಡುವೆ ಬಿಳಿ ಮೊಟ್ಟೆಯಂತೆಯೇ ಕಾಣುವ ಒಂದು ಜಾತಿಯ ಅಣಬೆಯ ಮೊಗ್ಗೂ ಇದೆ. ಅದರ ಬುಡದಲ್ಲಿ ಬೇರಿನಂತಹ ಎಳೆಯೊಂದು ಮಣ್ಣಿಗೆ ಇಳಿದಿರುತ್ತದೆ. ಹಾವಿನ ಮೊಟ್ಟೆಗೆ ಅಂತಹ ಎಳೆ ಎಂದೂ ಇರುವುದಿಲ್ಲ.

ಯಾವ ಹಾವಿನದು ಎಂಬುದನ್ನು ಮೊಟ್ಟೆ ನೋಡಿ ಖಚಿತವಾಗಿ ಹೇಳುವುದು ಅನುಭವಿಗಳಿಗೂ ಕಷ್ಟ. ಹೇಳಬಹುದಾದದ್ದು ಯಾವುದು ಅಲ್ಲ ಎಂಬುದನ್ನು ಮಾತ್ರ. ಕೊಳಕುಮಂಡಲ, ಮಲೆನಾಡಿನ ಗುಳಿಮಂಡಲಗಳು, ಹಸಿರು ಹಾವು, ಮಣ್ಣುಮುಕ್ಕ ಇವು ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುತ್ತವೆ. ಮೊಟ್ಟೆ ಇಡುವವು ಕೇರೆ, ನಾಗರ, ಕಾಳಿಂಗ, ಕಟ್ಟು ಹಾವು, ನೀರು ಹಾವು, ಹೆಬ್ಬಾವು ಮತ್ತಿತರವು. ಕೇರೆ ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲಿ ಇಡುತ್ತದೆ. ನಾಗರದ ಮೊಟ್ಟೆ 12ರಿಂದ 30ರವರೆಗೆ ಇರಬಹುದು. ಗದ್ದೆ ಬದುವಿನ ಬಿಲದಲ್ಲಿ ಐವತ್ತಕ್ಕೂ ಹೆಚ್ಚು ಸಣ್ಣ ಮೊಟ್ಟೆಗಳು ಕಂಡರೆ ನೀರು ಹಾವಿನದಿರಬಹುದೆಂಬ ಊಹೆಗೆ ಎಡೆಯಿದೆ. ಊಹೆ ಏನೇ ಇರಲಿ, ಕಣ್ಣಿಗೆ ಕಂಡ ಮೊಟ್ಟೆಯನ್ನು ವಿಷದ ಹಾವಿನದೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ನಾಗರ ಮತ್ತು ಕಟ್ಟು ಹಾವಿನ ಮರಿಗೆ ಮೊಟ್ಟೆಯಿಂದ ಹೊರಬಂದ ಕ್ಷಣದಿಂದಲೇ ವಿಷವಿರುತ್ತದೆ, ಮತ್ತು ಇವೆರಡರಲ್ಲೂ ತಾಯಿ ಮೊಟ್ಟೆಯ ಹತ್ತಿರವೇ ಉಳಿಯುವುದುಂಟು.

ಇದ್ದಲ್ಲೇ ಬಿಡುವ ಕ್ರಮ

ಗೊಂಚಲು ಕಂಡ ಕೂಡಲೇ ಗುದ್ದಲಿಯನ್ನು ಪಕ್ಕಕ್ಕಿಟ್ಟು ನಾಲ್ಕೈದು ಹೆಜ್ಜೆ ಹಿಂದೆ ಸರಿಯಿರಿ. ತಾಯಿ ಹಾವು ಗುಂಡಿಯ ಅಂಚಿನಲ್ಲಿ, ಸೋಗೆಯ ಅಡಿಯಲ್ಲಿ, ಬಿಲದ ಬಾಯಲ್ಲಿ ಇದೆಯೇ ಎಂದು ಕಣ್ಣಾಡಿಸಿ. ಜೊತೆಯಲ್ಲಿ ಕೆಲಸ ಮಾಡುತ್ತಿರುವವರನ್ನೂ ಮಕ್ಕಳನ್ನೂ ನಾಯಿಯನ್ನೂ ಆಚೆ ಕಳಿಸಿ. ಹಾವು ಕಂಡರೆ ಅದಕ್ಕೆ ಹೋಗಲು ದಾರಿ ಬಿಟ್ಟು, ಇಲಾಖೆಯವರು ಬರುವತನಕ ಅತ್ತ ಹೋಗಬೇಡಿ. ಕಾಣದಿದ್ದರೆ, ಮತ್ತು ಮೊಟ್ಟೆಗಳು ಸ್ಥಾನ ಬಿಟ್ಟು ಕದಲಿಲ್ಲವಾದರೆ, ಉದ್ದ ಹಿಡಿಯ ಹಾರೆಯಿಂದಲೋ ಕೋಲಿನಿಂದಲೋ ಮೇಲಿದ್ದ ಅದೇ ಗೊಬ್ಬರ, ಅದೇ ದರಕನ್ನು ಹಗುರವಾಗಿ ಮತ್ತೆ ಎಳೆದು ಮುಚ್ಚಿ. ಮುಚ್ಚಿಗೆ ಒಂದು ಗೇಣು ದಪ್ಪವಿದ್ದರೆ ಸಾಕು. ಗಾಳಿಯಾಡದಂತೆ ಒತ್ತಬಾರದು, ನೀರು ಹಾಕಬಾರದು, ಪ್ಲಾಸ್ಟಿಕ್ ಹೊದಿಸಬಾರದು.

ಹಾವು ಗೊಬ್ಬರಗುಂಡಿಯನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಕೊಳೆಯುತ್ತಿರುವ ಸೊಪ್ಪು ಸಗಣಿ ತಾನಾಗಿಯೇ ಶಾಖ ಹುಟ್ಟಿಸುತ್ತದೆ, ಒಳಗಿನ ತೇವ ಹಗಲಿರುಳು ಹೆಚ್ಚು ಕಡಿಮೆಯಾಗುವುದಿಲ್ಲ, ಮೇಲಿನ ಪದರ ಮಳೆಯ ನೀರನ್ನು ಬದಿಗೆ ಹರಿಸುತ್ತದೆ. ಇಷ್ಟನ್ನೂ ಒಂದು ಪೆಟ್ಟಿಗೆಯಲ್ಲಿ ತರಲು ಹೊರಟವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಹೀಗಾಗಿ ಗುಂಡಿಯ ಒಂದು ಮೂಲೆಯ ಗೊಬ್ಬರವನ್ನು ಆ ವರ್ಷದ ಮಟ್ಟಿಗೆ ಬಿಟ್ಟುಕೊಡುವುದೇ ಅತ್ಯಂತ ಅಗ್ಗದ, ಅತ್ಯಂತ ಖಚಿತವಾದ ಕಾವು. ಎರಡು ತಿಂಗಳ ನಂತರ ಆ ಗೊಬ್ಬರ ಇನ್ನಷ್ಟು ಕಳಿತಿರುತ್ತದೆಯೇ ಹೊರತು ನಷ್ಟವೇನೂ ಆಗಿರುವುದಿಲ್ಲ.

ಜಾಗವನ್ನು ಗುರುತಿಸಲು ನಾಲ್ಕು ಗೂಟ ನೆಟ್ಟು ಸುತ್ತ ಹಗ್ಗ ಕಟ್ಟಿ. ಬೇಲಿಯಾಗಿ ನೈಲಾನಿನ ಮೀನುಬಲೆಯನ್ನಾಗಲಿ ತರಕಾರಿ ಮಡಿಗೆ ಹಾಕುವ ಸಡಿಲ ಬಲೆಯನ್ನಾಗಲಿ ಬಳಸಲೇಬೇಡಿ. ಅದರ ಕಣ್ಣಿನಲ್ಲಿ ಸಿಕ್ಕಿಕೊಂಡ ಹಾವು ಹಿಂದೆ ಸರಿಯಲಾಗದೆ ಚರ್ಮ ಕೊಯ್ದುಕೊಂಡು ಸಾಯುತ್ತದೆ. ನಾಯಿ, ಕೋಳಿ, ಕಾಡುಹಂದಿಯ ಕಾಟ ಇದ್ದರೆ ಅಡಿಕೆ ದಬ್ಬೆಯ ಬೇಲಿ ಸಾಕಾಗುತ್ತದೆ, ಆದರೆ ಬುಡದಲ್ಲಿ ತಾಯಿ ಹಾವು ನುಸುಳುವಷ್ಟು ಸಂದು ಬಿಡಬೇಕು. ಮುಂಗುಸಿ ಮತ್ತು ಉಡ ಹುಡುಕಿ ಬಂದರೆ ಬೇಲಿಯಿಂದ ತಡೆಯಲಾಗದು, ತಡೆಯುವ ಅಗತ್ಯವೂ ಇಲ್ಲ. ಹಾವು ಅಷ್ಟು ಮೊಟ್ಟೆ ಇಡುವುದು ಆ ಲೆಕ್ಕವನ್ನೂ ಸೇರಿಸಿಯೇ.

ಹುತ್ತದಲ್ಲಿ ನಾಗರ ಮೊಟ್ಟೆ ಇಟ್ಟಿದ್ದರೆ ಮಾಡಬೇಕಾದದ್ದು ಏನೂ ಇಲ್ಲ. ಒಂದು ವಿನಂತಿ ಮಾತ್ರ: ನಾಗರ ಪಂಚಮಿಯಂದು ಹಾಲನ್ನು ಹುತ್ತದ ಬಾಯೊಳಗೆ ಸುರಿಯುವ ಬದಲು ಹೊರಗಿನ ಕಲ್ಲಿಗೆ ಎರೆಯಿರಿ. ಶ್ರಾವಣದ ಹೊತ್ತಿಗೆ ಒಳಗೆ ಮೊಟ್ಟೆಯೋ ಮರಿಯೋ ಇರುವ ಸಾಧ್ಯತೆಯಿದ್ದು, ಹುಳಿತ ಹಾಲು ಇರುವೆಗಳನ್ನೂ ಬೂಷ್ಟನ್ನೂ ಕರೆದು ತರುತ್ತದೆ.

ಕಾಳಿಂಗದ ಗೂಡಾಗಿದ್ದರೆ

ತೋಟದ ಅಂಚಿನಲ್ಲಿ, ಬಿದಿರುಮೆಳೆಯ ಬುಡದಲ್ಲಿ, ಯಾರೋ ದರಕನ್ನು ಗುಡಿಸಿ ಒಟ್ಟಿದಂತೆ ಕಾಣುವ ದಿಬ್ಬವೊಂದು ಏಪ್ರಿಲ್ ಮೇ ತಿಂಗಳಲ್ಲಿ ಹೊಸದಾಗಿ ಕಂಡರೆ ಅದನ್ನು ಕೆದಕಬೇಡಿ. ಎಲೆಗಳನ್ನು ಮೈಯಿಂದ ಎಳೆದೊಟ್ಟಿ ಹೀಗೆ ಗೂಡು ಕಟ್ಟುವ ಹಾವು ಕಾಳಿಂಗ. ಒಳಗೆ ಇಪ್ಪತ್ತು, ಮೂವತ್ತು ಮೊಟ್ಟೆಗಳಿರುತ್ತವೆ, ಹೆಣ್ಣು ಹಾವು ಅದರ ಮೇಲೆಯೋ ಪಕ್ಕದಲ್ಲೋ ವಾರಗಟ್ಟಲೆ ಕಾವಲಿದ್ದು, ಮರಿ ಹೊರಬರುವ ಮುನ್ನ ಹೊರಟುಹೋಗುತ್ತದೆ. ಕಾವಿನ ಅವಧಿ ಸುಮಾರು 75ರಿಂದ 100 ದಿನ. ಆಗುಂಬೆಯಂತಹ ಕಡೆ ಈ ಅವಧಿಯಲ್ಲಿ ಸಾವಿರಾರು ಮಿಲಿಮೀಟರ್ ಮಳೆ ಸುರಿದರೂ ಒತ್ತಾಗಿ ಹೊಂದಿಸಿದ ಎಲೆಗಳು ನೀರನ್ನು ಮೊಟ್ಟೆಯವರೆಗೆ ಇಳಿಯಗೊಡುವುದಿಲ್ಲ. ಆದ್ದರಿಂದ ಟಾರ್ಪಾಲು ಕಟ್ಟುವ ಉತ್ಸಾಹವನ್ನು ನೀವಾಗಿ ತೋರಿಸಬೇಡಿ.

ಆಗುಂಬೆಯಲ್ಲಿ 2005ರಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ ಅವರು ಮಳೆಕಾಡು ಸಂಶೋಧನಾ ಕೇಂದ್ರವನ್ನು ಆರಂಭಿಸಿದ ಮೇಲೆ ಕಾಳಿಂಗದ ಗೂಡುಗಳನ್ನು ಇದ್ದಲ್ಲೇ ಕಾಯುವ ಪದ್ಧತಿ ಈ ಭಾಗದಲ್ಲಿ ನೆಲೆಗೊಂಡಿದೆ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಒಫಿಯೋಫೇಗಸ್ ಕಾಳಿಂಗ ಎಂಬ ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಎಂದರೆ ನಿಮ್ಮ ತೋಟದ ಅಂಚಿನ ಆ ದಿಬ್ಬದಲ್ಲಿರುವುದು ಘಟ್ಟದ ಸಾಲು ಬಿಟ್ಟು ಬೇರೆಲ್ಲೂ ಇಲ್ಲದ ಹಾವು. ಮನೆಯವರ ಪಾತ್ರ ಸರಳ. ಗೂಡು ಕಂಡ ದಿನಾಂಕವನ್ನು ಬರೆದಿಡುವುದು, ಇಲಾಖೆಗೆ ತಿಳಿಸುವುದು, ಆ ದಾರಿಯ ಓಡಾಟವನ್ನು ಬೇರೆ ಕಡೆಗೆ ತಿರುಗಿಸುವುದು. ಒಡೆಯುವ ಕಾಲ ಹತ್ತಿರವಾದಾಗ ಗೂಡಿನ ಸುತ್ತ ಒತ್ತು ನೇಯ್ಗೆಯ ಪರದೆ ಕಟ್ಟಿ, ಮರಿಗಳನ್ನು ಎಣಿಸಿ, ಕಾಡಿನೊಳಗೆ ಬಿಡುವ ಕೆಲಸ ಇಲಾಖೆಯವರದು ಮತ್ತು ತರಬೇತಾದವರದು. ಕಪ್ಪು ಮೈಯ ಮೇಲೆ ಬಿಳಿ ಪಟ್ಟಿಗಳಿರುವ, ಒಂದೂವರೆ ಅಡಿ ಉದ್ದದ ಆ ಮರಿಗಳನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುವ ಆಸೆ ಬೇಡ. ನಮ್ಮಲ್ಲಿ ಸಿಗುವ ಸಾಮಾನ್ಯ ಪ್ರತಿವಿಷವನ್ನು ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆಂದು ತಯಾರಿಸಿದ್ದಾರೆಯೇ ಹೊರತು ಕಾಳಿಂಗಕ್ಕಲ್ಲ.

ತೆಗೆಯಲೇಬೇಕಾದ ಸಂದರ್ಭ

ಧರೆ ಜರಿದು ಗೊಂಚಲು ಬಯಲಿಗೆ ಬಿದ್ದಿದ್ದರೆ, ಜೆಸಿಬಿ ಅರ್ಧ ಅಗೆದ ಮೇಲೆ ಗೊತ್ತಾದರೆ, ಹಟ್ಟಿಯ ಬುಡಕ್ಕೆ ಪ್ರವಾಹದ ನೀರು ನುಗ್ಗುತ್ತಿದ್ದರೆ ಮುಚ್ಚಿ ಬಿಡುವ ಉಪಾಯ ನಡೆಯುವುದಿಲ್ಲ. ಆಗ ಇಲಾಖೆಯವರೊಂದಿಗೆ ಫೋನಿನಲ್ಲಿ ಮಾತಾಡಿ, ಅವರು ಹೇಳಿದರೆ ಮಾತ್ರ, ಮೊಟ್ಟೆಗಳನ್ನು ಪೆಟ್ಟಿಗೆಗೆ ತೆಗೆಯಬೇಕು. ತಾಯಿ ಹಾವು ಅಲ್ಲಿಲ್ಲ ಎಂಬುದು ಖಚಿತವಾಗದೆ ಕೈ ಹಾಕಬಾರದು.

ಇಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದ ಒಂದು ನಿಯಮವಿದೆ: ಮೊಟ್ಟೆಯನ್ನು ಉರುಳಿಸಬಾರದು. ಕೋಳಿ ತನ್ನ ಮೊಟ್ಟೆಗಳನ್ನು ದಿನವೂ ಹೊರಳಿಸುತ್ತದೆ, ಹಾಗೆ ಮಾಡದಿದ್ದರೆ ಅದರ ಮರಿ ಉಳಿಯುವುದಿಲ್ಲ. ಹಾವಿನ ಮೊಟ್ಟೆಯ ಕಥೆ ಇದಕ್ಕೆ ತೀರ ವಿರುದ್ಧ. ಮೊಟ್ಟೆ ಇಟ್ಟ ಒಂದೆರಡು ದಿನಗಳಲ್ಲೇ ಭ್ರೂಣವು ಮೇಲ್ಭಾಗದ ಹೊದಿಕೆಗೆ ಅಂಟಿ ಬೆಳೆಯತೊಡಗುತ್ತದೆ. ಆಮೇಲೆ ಮೊಟ್ಟೆ ಬುಡಮೇಲಾದರೆ ಭಂಡಾರದ, ಎಂದರೆ ಒಳಗಿನ ಹಳದಿ ಭಾಗದ, ಭಾರ ಭ್ರೂಣದ ಮೇಲೆ ಬಿದ್ದು ಉಸಿರು ಕಟ್ಟುವ ಅಪಾಯವಿದೆ. ಆದ್ದರಿಂದ ಮುಟ್ಟುವ ಮೊದಲೇ ಪ್ರತಿಯೊಂದು ಮೊಟ್ಟೆಯ ನೆತ್ತಿಗೆ ಮೆತ್ತನೆಯ ಸೀಸದ ಕಡ್ಡಿಯಿಂದ ಒಂದು ಸಣ್ಣ ಗುರುತು ಹಾಕಿ. ಮಾರ್ಕರ್ ಪೆನ್ನಿನ ಮಸಿ ಹೊದಿಕೆಯೊಳಗೆ ಇಳಿಯಬಹುದಾದ್ದರಿಂದ ಅದು ಬೇಡ. ಅಂಟಿಕೊಂಡ ಮೊಟ್ಟೆಗಳನ್ನು ಬಿಡಿಸಲು ಹೋಗಬೇಡಿ, ಹೊದಿಕೆ ಹರಿಯುತ್ತದೆ. ಕೈಗವಸು ಹಾಕಿಕೊಂಡು, ಗೊಂಚಲಿನ ಅಡಿಗೆ ಅಗಲವಾದ ಅಡಿಕೆ ಹಾಳೆಯ ತುಂಡನ್ನು ತೂರಿಸಿ, ಕೆಳಗಿನ ಹಿಡಿ ಮಣ್ಣಿನ ಸಮೇತ ಇಡಿಯಾಗಿ ಎತ್ತಿದರೆ ಅದು ಇದ್ದ ಭಂಗಿಯಲ್ಲೇ ಪೆಟ್ಟಿಗೆಗೆ ಬರುತ್ತದೆ. ಬಿಡಿಯಾಗಿ ಉರುಳಿ ಬಿದ್ದಿರುವ, ಯಾವ ಭಾಗ ಮೇಲಿತ್ತೆಂದು ತಿಳಿಯದ ಮೊಟ್ಟೆಗಳನ್ನು ಈಗ ಇರುವ ಸ್ಥಿತಿಯಲ್ಲೇ ಇಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಸಾಗಿಸುವಾಗ ಬೈಕಿನ ಕ್ಯಾರಿಯರ್‌ಗಿಂತ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಹೋಗುವುದು ಮೇಲು. ಬಿಸಿಲಿಗೆ ನಿಲ್ಲಿಸಿದ ವಾಹನದೊಳಗೆ ಬಿಟ್ಟರೆ ಕಾಲು ಗಂಟೆಯಲ್ಲಿ ಎಲ್ಲ ಮುಗಿಯಬಹುದು.

ಪೆಟ್ಟಿಗೆ, ತೇವ, ಶಾಖ

ಮೊಟ್ಟೆಗಳನ್ನು ಸಾಮಾನ್ಯವಾಗಿ ಇಲಾಖೆ ತನ್ನ ಬಳಿಯೋ ಅನುಮತಿ ಪಡೆದ ಉರಗ ರಕ್ಷಕರ ಬಳಿಯೋ ಇರಿಸುತ್ತದೆ. ಇಲಾಖೆಯ ಲಿಖಿತ ಒಪ್ಪಿಗೆಯಿದ್ದರೆ ಮಾತ್ರ ಮನೆಯಲ್ಲಿ ಇಡುವ ಮಾತು. ಎಲ್ಲಿಟ್ಟರೂ ಕ್ರಮ ಒಂದೇ.

ಮುಚ್ಚಳ ಗಟ್ಟಿಯಾಗಿ ಕೂರುವ, ಐದಾರು ಲೀಟರ್ ಹಿಡಿಯುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದುಕೊಳ್ಳಿ. ಬದಿಗಳಲ್ಲಿ ಕಾದ ಮೊಳೆಯಿಂದ ನಾಲ್ಕಾರು ಸಣ್ಣ ತೂತು ಮಾಡಿ. ಮರಿ ಹೊರಬರುವಾಗ ತೂರಲಾರದಷ್ಟು ಅವು ಚಿಕ್ಕದಾಗಿರಲಿ. ಅಡಿಯಲ್ಲಿ ನಾಲ್ಕು ಬೆರಳು ದಪ್ಪಕ್ಕೆ ವರ್ಮಿಕ್ಯುಲೈಟ್ ಹಾಸಬೇಕು, ನೀರು ಹಿಡಿದಿಡುವ ಈ ಹಗುರ ಖನಿಜದ ಹರಳು ಗಿಡಗಳ ನರ್ಸರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ತೂಕಕ್ಕೆ ತೂಕ ನೀರು ಸೇರಿಸುವುದು ರೂಢಿ: ಅರ್ಧ ಕಿಲೋ ವರ್ಮಿಕ್ಯುಲೈಟಿಗೆ ಅರ್ಧ ಲೀಟರ್ ನೀರು. ಅದು ಸಿಗದಿದ್ದರೆ ಚೆನ್ನಾಗಿ ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿಯೂ ಆಗುತ್ತದೆ. ಹದ ನೋಡುವುದು ಅಂಗೈಯಿಂದ. ಒಂದು ಮುಷ್ಟಿ ತೆಗೆದು ಬಲವಾಗಿ ಹಿಂಡಿದಾಗ ಬೆರಳಿನ ಸಂದಿಯಲ್ಲಿ ಹನಿ ಇಳಿಯಬಾರದು, ಮುಷ್ಟಿ ತೆರೆದಾಗ ಉಂಡೆ ಬಿಚ್ಚಿ ಉದುರಲೂಬಾರದು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮಾತ್ರ ಒಡೆಯಬೇಕು. ಹಸಿ ಗೊಬ್ಬರವನ್ನೋ ತೋಟದ ಮಣ್ಣನ್ನೋ ಪೆಟ್ಟಿಗೆಗೆ ತುಂಬಬೇಡಿ. ಗುಂಡಿಯಲ್ಲಿ ಒಳ್ಳೆಯದಾದ ಗೊಬ್ಬರ ಮುಚ್ಚಿದ ಡಬ್ಬಿಯಲ್ಲಿ ಬೂಷ್ಟಿಗೂ ಹುಳಕ್ಕೂ ತವರಾಗುತ್ತದೆ.

ಹಾಸಿನಲ್ಲಿ ಬೆರಳಿನಿಂದ ಸಣ್ಣ ತಗ್ಗು ಮಾಡಿ, ಮೊಟ್ಟೆಯ ಅರ್ಧ ಭಾಗ ಹೂತು ಅರ್ಧ ಮೇಲೆ ಕಾಣುವಂತೆ, ಗುರುತು ನೆತ್ತಿಗೆ ಬರುವಂತೆ ಕೂರಿಸಿ. ಪಕ್ಕದಲ್ಲಿ ಡಿಜಿಟಲ್ ತಾಪಮಾಪಕದ ತಂತಿಯನ್ನು ಮೊಟ್ಟೆಯ ಮಟ್ಟದಲ್ಲೇ ಇರಿಸಿ. ಮುಚ್ಚಳಕ್ಕೆ ಅಂಟಿಸಿದರೆ ಅದು ತೋರುವ ಅಂಕಿ ಮೊಟ್ಟೆಯದಾಗಿರುವುದಿಲ್ಲ.

ಶಾಖ 27ರಿಂದ 29 ಡಿಗ್ರಿಯೊಳಗೆ ನಿಲ್ಲಬೇಕು. ಶಿವಮೊಗ್ಗ, ಭದ್ರಾವತಿ ಕಡೆ ಮೇ ತಿಂಗಳಲ್ಲಿ ಶೀಟಿನ ಮಾಡಿನ ಕೋಣೆ 35 ಡಿಗ್ರಿ ದಾಟುತ್ತದೆ, ಅಲ್ಲಿ ಮನೆಯ ಅತ್ಯಂತ ತಂಪಾದ ಕೋಣೆಯ ನೆಲವೇ ಸರಿಯಾದ ಜಾಗ. ಹೊಸನಗರ, ತೀರ್ಥಹಳ್ಳಿ ಕಡೆ ಜುಲೈನ ಜಡಿಮಳೆಯಲ್ಲಿ ತೊಂದರೆ ಇದರ ಉಲ್ಟಾ. ಕೋಣೆ ದಿನಗಟ್ಟಲೆ ತಣ್ಣಗಿರುತ್ತದೆ. ಆಗ ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯ ಅಡಿಯಲ್ಲಿ ಒಂದು ಗೇಣಿಗಿಂತ ಕಡಿಮೆ ನೀರು ನಿಲ್ಲಿಸಿ, ಮೀನಿನ ತೊಟ್ಟಿಗೆ ಬಳಸುವ 50 ವಾಟಿನ ಹೀಟರನ್ನು ಅದರಲ್ಲಿ ಪೂರ್ತಿ ಮುಳುಗಿಸಿ, ಎರಡು ಇಟ್ಟಿಗೆಗಳ ಮೇಲೆ ಮೊಟ್ಟೆಯ ಡಬ್ಬಿಯನ್ನು ನೀರಿಗೆ ತಾಗದಂತೆ ಇಡಬಹುದು. ಮೊಟ್ಟೆ ಇಡುವ ಮೊದಲು ಒಂದು ದಿನ ಖಾಲಿ ಡಬ್ಬಿಯಲ್ಲಿ ಶಾಖ ಸ್ಥಿರವಾಗಿದೆಯೇ ನೋಡಿಕೊಳ್ಳಿ. ತುರ್ತಿನಲ್ಲಿ ಅಷ್ಟು ಸಮಯವಿಲ್ಲದಿದ್ದರೆ ಮೊಟ್ಟೆಗಳು ಕೋಣೆಯ ಶಾಖದಲ್ಲೇ ಒಂದು ದಿನ ಕಾಯಬಲ್ಲವು. ಹೊರಪೆಟ್ಟಿಗೆಯ ಮುಚ್ಚಳವನ್ನು ಒಂದು ಬದಿಗೆ ಕೊಂಚ ಓರೆಯಾಗಿಸಿದರೆ ಆವಿಯ ಹನಿ ಡಬ್ಬಿಯ ಮೇಲೆ ಬೀಳದೆ ಅಂಚಿಗೆ ಹರಿಯುತ್ತದೆ.

ಕರೆಂಟು ಹೋಯಿತೆಂದು ಗಾಬರಿಯಾಗುವವರಿಗೆ ಒಂದು ಸಮಾಧಾನವಿದೆ. ಒಂದು ರಾತ್ರಿ 22 ಡಿಗ್ರಿಗೆ ಇಳಿದರೆ ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೆ. ಅಪಾಯ ಇರುವುದು ಮೇಲಿನ ಕಡೆಗೆ. 32 ಡಿಗ್ರಿ ದಾಟಿ ನಿಂತರೆ ಬೆನ್ನೆಲುಬು ಸೊಟ್ಟಗಾದ ಮರಿಗಳು ಹುಟ್ಟಬಹುದು, ಇನ್ನೂ ಏರಿದರೆ ಮೊಟ್ಟೆಯಲ್ಲೇ ಸಾಯುತ್ತವೆ. ಹೀಗಾಗಿ ಬಚ್ಚಲ ಒಲೆಯ ಪಕ್ಕ, ಅಡಿಗೆಮನೆಯ ಅಟ್ಟ, ಬಲ್ಬಿನ ಅಡಿ ಇವು ಯಾವುವೂ ಜಾಗಗಳಲ್ಲ. ನಾಟಿ ಕೋಳಿ ಸಾಕುವವರ ಮನೆಯಲ್ಲಿ ಈಗ ಇನ್‌ಕ್ಯುಬೇಟರ್ ಇರುವುದು ಸಾಮಾನ್ಯ. ಅದರ 37.5 ಡಿಗ್ರಿ ಶಾಖವೂ ತಾನಾಗಿ ಮೊಟ್ಟೆ ಹೊರಳಿಸುವ ತಟ್ಟೆಯೂ ಹಾವಿನ ಮೊಟ್ಟೆಗೆ ಮರಣಶಾಸನವೇ ಸರಿ. ಕೋಳಿಯ ಕಾವಿಗೆ ಇಡುವ ಯೋಚನೆಯೂ ಇದೇ ಕಾರಣಕ್ಕೆ ಬೇಡ. ಹಾವುಗಳಲ್ಲಿ ಮೈಶಾಖ ಕೊಟ್ಟು ಕಾವು ಕೂರುವುದೆಂದರೆ ಹೆಬ್ಬಾವು. ಅದು ಮೊಟ್ಟೆಗಳನ್ನು ಸುತ್ತಿಕೊಂಡು ಸ್ನಾಯುಗಳನ್ನು ನಡುಗಿಸಿ ಶಾಖ ಹುಟ್ಟಿಸುತ್ತದೆ. ಅದನ್ನು ಮೊಟ್ಟೆಯಿಂದ ಎಬ್ಬಿಸುವ ಕೆಲಸಕ್ಕೆ ಯಾರೂ ಕೈ ಹಾಕಬಾರದು.

ಕಾಯುವ ದಿನಗಳು

ಕೇರೆಯ ಮೊಟ್ಟೆಗೆ ಸುಮಾರು 60 ದಿನ, ನಾಗರಕ್ಕೆ 50ರಿಂದ 70 ದಿನ ಬೇಕು. ನಿಮಗೆ ಸಿಕ್ಕಾಗ ಮೊಟ್ಟೆಗೆ ಎಷ್ಟು ವಯಸ್ಸಾಗಿತ್ತೆಂದು ತಿಳಿಯದ ಕಾರಣ ಲೆಕ್ಕ ಹಿಡಿಯುವುದರಲ್ಲಿ ಅರ್ಥವಿಲ್ಲ. ಎರಡನೇ ವಾರದಿಂದಲೇ ಮರಿ ಬರಬಹುದೆಂಬ ಎಚ್ಚರದಲ್ಲಿರಿ. ಡಬ್ಬಿಗೆ ಪಟ್ಟಿ ಬಿಗಿದು, ಮಕ್ಕಳ ಕೈಗೆ ಸಿಗದ, ಬೀಗ ಹಾಕುವ ಕೋಣೆಯಲ್ಲಿಡಿ. ಇರುವೆ ಬಾರದಂತೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸುವ ಹಳೆಯ ಉಪಾಯ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ವಾರಕ್ಕೊಮ್ಮೆ ಮುಚ್ಚಳ ತೆಗೆದು ಒಂದು ನಿಮಿಷ ಗಾಳಿಯಾಡಿಸಿದರೆ ಸಾಕು. ಕೊನೆಯ ವಾರಗಳಲ್ಲಿ ಭ್ರೂಣಕ್ಕೆ ಹೆಚ್ಚು ಆಮ್ಲಜನಕ ಬೇಕಾಗುವುದರಿಂದ ವಾರಕ್ಕೆರಡು ಬಾರಿ ತೆಗೆಯಿರಿ. ಜೀವವಿರುವ ಮೊಟ್ಟೆ ನೀರು ಹೀರಿ ದಿನೇದಿನೇ ಉಬ್ಬುತ್ತದೆ, ಬಿಗಿಯಾಗಿ, ಬಿಳಿಯಾಗಿ ಉಳಿಯುತ್ತದೆ. ಕೋಣೆ ಕತ್ತಲೆ ಮಾಡಿ, ಮೊಟ್ಟೆಯನ್ನು ಎತ್ತದೆ, ಮೊಬೈಲಿನ ಟಾರ್ಚನ್ನು ಪಕ್ಕದಿಂದ ತಾಗಿಸಿದರೆ ಒಳಗೆ ನಸುಗೆಂಪು ಬೆಳಕಿನಲ್ಲಿ ಕೂದಲೆಳೆಯಂತಹ ರಕ್ತನಾಳಗಳು ಕಾಣುತ್ತವೆ. ಬರಿಯ ಹಳದಿ ಬೆಳಕು ಕಂಡರೆ ಅದು ಫಲಿಸದ ಮೊಟ್ಟೆಯಾಗಿರಬಹುದು, ಆದರೆ ಒಂದೇ ನೋಟಕ್ಕೆ ತೀರ್ಮಾನ ಮಾಡಬೇಡಿ.

ಮೊದಲ ವಾರಗಳಲ್ಲಿ ಮೊಟ್ಟೆಯ ಮೇಲೆ ಗುಳಿ ಬಿದ್ದರೆ ತೇವ ಸಾಲದೆಂದು ಅರ್ಥ. ಆಗ ಉಗುರುಬೆಚ್ಚಗಿನ ನೀರನ್ನು ಡಬ್ಬಿಯ ಅಂಚಿನಲ್ಲಿ, ಹಾಸಿಗೆ ಮಾತ್ರ ತಾಗುವಂತೆ ಚಮಚದಿಂದ ಬಿಡಿ. ಮೊಟ್ಟೆಯ ಮೇಲೆ ನೀರು ಚಿಮುಕಿಸುವುದು ಬಹಳ ಜನ ಮಾಡುವ ಕೆಲಸ. ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ಉಸಿರಾಡುವ ಹೊದಿಕೆಗೆ ನೀರಿನ ಪೊರೆ ಕಟ್ಟಿದಂತಾಗುತ್ತದೆ. ಬೂಷ್ಟು ಕಂಡರೆ ಒಣ ಹತ್ತಿಯಿಂದ ಒರೆಸಿ. ಹಳದಿಯಾಗಿ ಕುಗ್ಗಿ ವಾಸನೆ ಬರುವ ಮೊಟ್ಟೆ ಬಿಡಿಯಾಗಿದ್ದರೆ ತೆಗೆದುಹಾಕಿ. ಗೊಂಚಲಿನ ನಡುವೆ ಸಿಕ್ಕಿಕೊಂಡಿದ್ದರೆ ಅದರ ಮೇಲೆ ಒಣ ವರ್ಮಿಕ್ಯುಲೈಟ್ ಉದುರಿಸಿ ಹಾಗೆಯೇ ಬಿಡಿ. ಪಕ್ಕದ ಆರೋಗ್ಯವಂತ ಮೊಟ್ಟೆ ಸಾಮಾನ್ಯವಾಗಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಪ್ರತಿ ಸಲವೂ ಸಾಬೂನಿನಿಂದ ಕೈ ತೊಳೆಯಿರಿ, ಏಕೆಂದರೆ ಸರೀಸೃಪಗಳಿಂದ ಸಾಲ್ಮೊನೆಲ್ಲಾ ಸೋಂಕು ಮನುಷ್ಯರಿಗೆ ಹರಡಬಲ್ಲದು.

ಮರಿ ಬರುವ ಹೊತ್ತು

ಒಡೆಯುವ ಕೆಲವು ದಿನ ಮೊದಲು ಮೊಟ್ಟೆ ಸ್ವಲ್ಪ ಕುಗ್ಗಿ, ಬೆವರಿದಂತೆ ಕಾಣುವುದುಂಟು. ಆ ಹಂತದ ಗುಳಿಗೆ ನೀರು ಹಾಕಬೇಕಿಲ್ಲ. ಮರಿಯ ಮೂತಿಯ ತುದಿಯಲ್ಲಿ ತಾತ್ಕಾಲಿಕವಾದ ಚೂಪು ಹಲ್ಲೊಂದಿರುತ್ತದೆ. ಅದರಿಂದ ಹೊದಿಕೆಯನ್ನು ಒಳಗಿನಿಂದ ಸೀಳುತ್ತದೆ. ಒಂದಲ್ಲ, ಎರಡು ಮೂರು ನೇರ ಗೀರುಗಳು, ಬ್ಲೇಡಿನಲ್ಲಿ ಕೊಯ್ದಷ್ಟು ಸಪಾಟು. ಗೀರಿನಿಂದ ಲೋಳೆ ಜಿನುಗುತ್ತದೆ, ಅದರಲ್ಲಿ ಒಂದು ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದ ಜಾಗದಲ್ಲಿ ಮೂತಿ ಕಾಣುತ್ತದೆ. ತಲೆ ಹೊರಗಿಟ್ಟು, ನೆರಳು ಬಿದ್ದರೆ ಸರಕ್ಕನೆ ಒಳಗೆ ಎಳೆದುಕೊಂಡು, ಮತ್ತೆ ಇಣುಕುತ್ತ ಮರಿ ಒಂದು ದಿನ, ಕೆಲವೊಮ್ಮೆ ಎರಡು ದಿನ ಅಲ್ಲೇ ಉಳಿಯುತ್ತದೆ. ಹೊಟ್ಟೆಯೊಳಕ್ಕೆ ಉಳಿದ ಭಂಡಾರವನ್ನು ಎಳೆದುಕೊಳ್ಳುವ ಸಮಯ ಅದು. ಸಹಾಯ ಮಾಡುತ್ತೇನೆಂದು ಹೊರಗೆಳೆದರೆ ನಾಳ ಹರಿದು ರಕ್ತ ಸುರಿದು ಮರಿ ಸಾಯುತ್ತದೆ. ಕಿಂಗ್‌ಸ್ನೇಕ್ ಸಾಕುವವರು ಒಂದನ್ನೊಂದು ತಿನ್ನುವ ಭಯಕ್ಕೆ ಮರಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತಾರೆ; ಒಂದೆರಡು ದಿನಗಳಲ್ಲಿ ಬಿಟ್ಟುಬಿಡುವ ನಮಗೆ ಆ ಚಿಂತೆ ಬಹಳ ಇಲ್ಲ.

ಮೊದಲ ಗೀರು ಕಂಡ ಕೂಡಲೇ ಇಲಾಖೆಗೆ ಫೋನ್ ಮಾಡಿ, ಮುಚ್ಚಳ ಬಿಗಿಯಿರಿ. ನಾಗರದ ಮರಿ ತಲೆ ಹೊರಬಂದಾಗಲೇ ಹೆಡೆ ಬಿಚ್ಚಬಲ್ಲದು. ಅಕಸ್ಮಾತ್ ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಹುಡುಕುವುದು ಇವ್ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲ್ಲಾಡಿಸದೆ, 108ಕ್ಕೆ ಕರೆ ಮಾಡಿ ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಮರಿ ಚಿಕ್ಕದು, ವಿಷ ಕಡಿಮೆ ಎಂದು ಕಾದು ನೋಡುವುದು ತಪ್ಪು.

ಬಿಡುವುದು

ಮರಿಗಳಿಗೆ ಆಹಾರ ಹುಡುಕುವ ಅಗತ್ಯವಿಲ್ಲ. ಒಳಗೆಳೆದುಕೊಂಡ ಭಂಡಾರದ ಬಲದಿಂದ ಮೊದಲ ಪೊರೆ ಕಳಚುವವರೆಗೆ, ಎಂದರೆ ವಾರ ಹತ್ತು ದಿನ, ಅವು ಏನನ್ನೂ ತಿನ್ನದೆ ಇರುತ್ತವೆ. ಅಷ್ಟು ದಿನ ಇಟ್ಟುಕೊಳ್ಳುವ ಅಗತ್ಯವೂ ಇಲ್ಲ. ಎಲ್ಲ ಮರಿಗಳು ಹೊರಬಂದು, ಹೊಕ್ಕುಳ ಒಣಗಿದ ಮೇಲೆ, ಒಂದೆರಡು ದಿನಗಳಲ್ಲಿ ಇಲಾಖೆಯವರ ಸಮಕ್ಷಮದಲ್ಲಿ ಬಿಡಬೇಕು.

ದೂರದ ಅಭಯಾರಣ್ಯಕ್ಕೆ ಒಯ್ದು ಬಿಡುವುದು ಪುಣ್ಯದ ಕೆಲಸವೆಂಬ ನಂಬಿಕೆಯಿದೆ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಹಾವಿಗೆ ಅಡಗುತಾಣ ಗೊತ್ತಿರುವುದಿಲ್ಲ, ಅಲ್ಲಿನ ಹಾವುಗಳಿಗೆ ಹೊರಗಿನ ರೋಗ ತಗಲುವ ಸಾಧ್ಯತೆಯೂ ಇದೆ. ಮೊಟ್ಟೆ ಸಿಕ್ಕಿದ ಜಾಗಕ್ಕೆ ಹತ್ತಿರದಲ್ಲೇ, ಮನೆಯಿಂದ ದೂರವಿರುವ ಹಳ್ಳದ ಬದಿಯೋ ಬೆಟ್ಟದ ಅಂಚೋ ಸರಿಯಾದ ಸ್ಥಳ; ಕಪ್ಪೆ, ಹಲ್ಲಿ, ಓತಿಕ್ಯಾತ ಇರುವ ಕಡೆ ಮರಿ ತಾನಾಗಿ ಬದುಕಿಕೊಳ್ಳುತ್ತದೆ. ಕೇರೆ ಮರಿಗಳನ್ನು ತೋಟದ ಅಂಚಿಗೇ ಬಿಡಿ ಎಂಬುದು ನನ್ನ ಅಭಿಪ್ರಾಯ. ಇಲಿ ಹಿಡಿಯಲು ಅದಕ್ಕಿಂತ ಒಳ್ಳೆಯ ಆಳು ಸಿಗುವುದಿಲ್ಲ. ನಾಗರ ಮತ್ತು ಕಟ್ಟು ಹಾವಿನ ಮರಿಗಳನ್ನು ಎಲ್ಲಿ ಬಿಡಬೇಕೆಂಬುದನ್ನು ಇಲಾಖೆಯವರೇ ನಿರ್ಧರಿಸಲಿ. ಸಂಜೆ ಬೆಳಕು ಇಳಿಯುವಾಗ, ಕಾಗೆ ಗಿಡುಗಗಳ ಹಾರಾಟ ನಿಂತ ಮೇಲೆ, ಡಬ್ಬಿಯನ್ನು ದರಕಿನ ಮೇಲೆ ಓರೆಯಾಗಿಟ್ಟು ಮುಚ್ಚಳ ತೆಗೆದು ಹಿಂದೆ ಸರಿಯಿರಿ. ಎಲ್ಲವನ್ನೂ ಒಂದೇ ಕಡೆ ಸುರಿಯದೆ ಎರಡು ಮೂರು ಜಾಗಗಳಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು.

ಆಮೇಲೆ ಉಳಿಯುವುದು ಲೆಕ್ಕದ ಕೆಲಸ. ಸಿಕ್ಕಿದ ದಿನಾಂಕ, ಮೊಟ್ಟೆಗಳ ಸಂಖ್ಯೆ, ಹಾಳಾದವು ಎಷ್ಟು, ಮೊದಲ ಮತ್ತು ಕೊನೆಯ ಮರಿ ಬಂದ ದಿನ, ಬಿಟ್ಟ ಜಾಗ, ಇವನ್ನು ಒಂದು ಹಾಳೆಯಲ್ಲಿ ಬರೆದು ಇಲಾಖೆಗೆ ಕೊಡಿ. ಖಾಲಿ ಹೊದಿಕೆಗಳನ್ನೂ ಬಳಸಿದ ಹಾಸನ್ನೂ ಬಾವಿಯಿಂದ ದೂರ ಹೂತು, ಡಬ್ಬಿಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಅದನ್ನು ಮತ್ತೆ ಅಡಿಗೆಮನೆಗೆ ಬಳಸಬೇಡಿ.